ಬೆಳ್ಳಿಗೆ ಮಾತ್ರ ಮುಖ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳೆಯ ಮನೆಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಡಬ್ಬಿಯಿಂದ ರಾಣಿ ಛಾಪಿನ ರೂಪಾಯಿ ಹೊರಬರುವುದುಂಟು. 1840ರಿಂದ ವಿಕ್ಟೋರಿಯಾಳ ಮುಖ ಹೊತ್ತು ಬಂದ, 11.66 ಗ್ರಾಂ ತೂಕದ ಬೆಳ್ಳಿ. ಕುಂಕುಮ ಹಚ್ಚಿ, ತೊಳೆದು, ಒರೆಸಿ ರಾಣಿಯ ಮೂಗು ನುಣ್ಣಗಾಗಿರುತ್ತದೆ. ಆದರೆ ಬೆಳ್ಳಿಯ ಮೇಲೆ ಅರಸರ ಮುಖ ಈ ಸೀಮೆಗೆ ಆಗ ಹೊಸದೇನಲ್ಲ. ಸುಮಾರು 1,700 ವರ್ಷ ಮೊದಲೇ ಶಾತವಾಹನರು ಅಂಥ ನಾಣ್ಯ ಹೊಡೆಸಿದ್ದರು.

ಬೆಳಗಾವಿಯ ವಡಗಾವಿ-ಮಾಧವಪುರದಲ್ಲಿ ಅವರ ಕಾಲದ ಪಟ್ಟಣವೇ ಅಗೆತದಲ್ಲಿ ಸಿಕ್ಕಿದೆ. ಅವರ ಸೀಸದ ನಾಣ್ಯಗಳಲ್ಲಿ ಆನೆ, ಮರ, ಹಡಗು ಇವೆ; ಮುಖ ಬಂದದ್ದು ಬೆಳ್ಳಿಗೆ ಮಾತ್ರ. ಕಾರಣ ಪೇಟೆ; ಅಲ್ಲಿ ಮುಖ ಹೊತ್ತ ಬೆಳ್ಳಿಯೇ ರೂಢಿ. ಅರಸನ ಪಕ್ಕಮುಖ, ಸುತ್ತ ಅಕ್ಷರ ಎಂಬ ಮಾದರಿ ಇಂಡೋ-ಗ್ರೀಕರದು. ಅವರ ಅರಸ ಮಿನಾಂದರನ ಹಳೆಯ ದ್ರಮ್ಮಗಳು ಭರೂಚ ಬಂದರಿನಲ್ಲಿ ಇನ್ನೂ ಚಲಾವಣೆಯಲ್ಲಿವೆ ಎಂದು ಮೊದಲನೆಯ ಶತಮಾನದ ಗ್ರೀಕ್ ಕಡಲವ್ಯಾಪಾರದ ಕೈಪಿಡಿ ‘ಪೆರಿಪ್ಲಸ್’ ಹೇಳುತ್ತದೆ. ಶಕ ಅರಸರಾದ ಪಶ್ಚಿಮದ ಕ್ಷತ್ರಪರು ಆ ಮಾದರಿಯನ್ನೇ ನಕಲು ಮಾಡಿದರು. ಗ್ರೀಕ್ ಅಕ್ಷರಗಳು ಬರಬರುತ್ತ ಬರೀ ಗೀಟುಗಳಾದವು. ಯಾರಿಗೂ ಓದಲು ಬಾರದಿದ್ದರೂ ಅವು ಇಲ್ಲದ ನಾಣ್ಯವನ್ನು ಸಾಹುಕಾರರು ಮುಟ್ಟುತ್ತಿರಲಿಲ್ಲವೇನೋ!

ಕ್ಷತ್ರಪ ನಹಪಾನನನ್ನು ಸೋಲಿಸಿದ ಗೌತಮೀಪುತ್ರ ಶಾತಕರ್ಣಿ ಅವನ ಬೆಳ್ಳಿಯನ್ನು ಕರಗಿಸುವ ಗೋಜಿಗೆ ಹೋಗಲಿಲ್ಲ. ಅದರ ಮೇಲೆಯೇ ತನ್ನ ಅಚ್ಚು ಹೊಡೆಸಿದ. 1906ರಲ್ಲಿ ನಾಸಿಕ ಬಳಿಯ ಜೋಗಲ್‌ಥೆಂಬಿಯಲ್ಲಿ ಸಿಕ್ಕ 13,000ಕ್ಕೂ ಹೆಚ್ಚು ನಾಣ್ಯಗಳಲ್ಲಿ 9,000ಕ್ಕೂ ಹೆಚ್ಚು ಹೀಗೆ ಎರಡು ಸಲ ಪೆಟ್ಟು ತಿಂದವು. ಆ ಅಚ್ಚಿನ ಗುಡ್ಡದ ಗುರುತಿನ ಅಡಿಯಿಂದ ಸೋತವನ ಮೂಗೋ ಹಣೆಯೋ ಇಣುಕುತ್ತದೆ.

ಆಮೇಲೆ ಶಾತವಾಹನರು ತಮ್ಮದೇ ಮುಖ ಅಚ್ಚಿಗೆ ಹಾಕಿಸಿದರು. ಅವರಲ್ಲೊಬ್ಬನಾದ ವಾಸಿಷ್ಠೀಪುತ್ರ ಪುಲುಮಾವಿಯ ನಾಣ್ಯವನ್ನು ಅಂಗೈಯಲ್ಲಿಟ್ಟರೆ ಎರಡು ಗ್ರಾಂ ಆಜುಬಾಜು, ಹೆಬ್ಬೆರಳ ಉಗುರಿನಗಲ. ಮುಖದ ಸುತ್ತ ಗ್ರೀಕ್ ಇದ್ದ ಜಾಗದಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ. ತಿರುವಿದರೆ ಗುಡ್ಡ, ನಾಲ್ಕು ತುದಿಗೂ ವೃತ್ತವಿರುವ ಶಿಲುಬೆಯಂಥ ಉಜ್ಜಯಿನಿ ಚಿಹ್ನೆ, ಮತ್ತು ಬೇರೆಯೇ ಭಾಷೆ: ‘ವಾಹಿಟ್ಟಿ ಮಾಕನಕು ತಿರು ಪುಲುಮಾವಿಕು’, ಅಂದರೆ ವಾಸಿಷ್ಠಿಯ ಮಗ ಶ್ರೀ ಪುಲುಮಾವಿಯದು. ಹಳೆಯ ತಮಿಳು ಎನ್ನುವವರಿದ್ದಾರೆ; ದ್ರಾವಿಡ ಎಂದಷ್ಟೇ ಹೇಳಿ ನಿಲ್ಲುವವರೂ ಇದ್ದಾರೆ. ಆ ‘ಮಾಕನ’ ಕಿವಿಗೆ ಬಿದ್ದಾಗ ಕನ್ನಡಿಗನಿಗೆ ‘ಮಗ’ ನೆನಪಾಗದೆ ಇರದು. ಸಣ್ಣ ಬಿಲ್ಲೆಗೆ ದೊಡ್ಡ ಅಚ್ಚು ಬಿದ್ದಿರುವುದರಿಂದ ಒಂದೇ ನಾಣ್ಯದಲ್ಲಿ ಪೂರ್ತಿ ಸಾಲು ಸಿಗುವುದು ಅಪರೂಪ. ಮೂರು ನಾಲ್ಕನ್ನು ಪಕ್ಕಪಕ್ಕ ಇಟ್ಟು ಅಕ್ಷರ ಕೂಡಿಸಿಕೊಳ್ಳಬೇಕು.