ಎಸಿ ಹುಟ್ಟಿದ್ದು ನಮಗಲ್ಲ, ಕಾಗದಕ್ಕೆ

ಎಸಿ ರಿಮೋಟ್‌ನಲ್ಲಿ ಸಾಮಾನ್ಯವಾಗಿ ಒಂದು ನೀರಿನ ಹನಿಯ ಚಿತ್ರ ಇರುತ್ತೆ, ನೋಡಿದ್ದೀರಾ? ಅದು ಡ್ರೈ ಮೋಡ್. ನಮ್ಮಲ್ಲಿ ಎಷ್ಟೋ ಜನ ಅದನ್ನು ಮುಟ್ಟೋದೇ ಇಲ್ಲ. 18, 20, 24 ಅಂತ ಡಿಗ್ರಿ ಮಾತ್ರ ಒತ್ತುತ್ತಾ ಇರ್ತೀವಿ. ಆದರೆ ಎಸಿಯ ಇತಿಹಾಸ ಶುರುವಾಗೋದೇ ಆ ಹನಿಯಿಂದ. ಇವತ್ತು ನಾನು ಹೇಳೋಕೆ ಹೊರಟಿರೋದು ಆ ಕಥೆ.

1902ನೇ ಇಸವಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸ್ಯಾಕೆಟ್-ವಿಲ್ಹೆಲ್ಮ್ಸ್ ಅನ್ನೋ ಪ್ರಿಂಟಿಂಗ್ ಪ್ರೆಸ್ ಇತ್ತು. ಬಣ್ಣದ ಚಿತ್ರ ಬೇಕಂದ್ರೆ ಒಂದೇ ಹಾಳೆಯ ಮೇಲೆ ಒಂದೊಂದು ಬಣ್ಣವನ್ನೂ ಬೇರೆ ಬೇರೆ ಸಲ ಅಚ್ಚು ಹಾಕಬೇಕಿತ್ತು. ಬೇಸಿಗೆಯಲ್ಲಿ ಗಾಳಿಯ ತೇವ ಹೀರಿ ಕಾಗದ ಹಿಗ್ಗೋದು, ಒಣಗಿದಾಗ ಕುಗ್ಗೋದು. ಒಂದು ಬಣ್ಣ ಕೂತ ಜಾಗದಲ್ಲಿ ಇನ್ನೊಂದು ಕೂರ್ತಿರಲಿಲ್ಲ. ಚಿತ್ರ ಕೆಡ್ತಿತ್ತು, ಕಾಗದ ದಂಡ.

ಈ ಸಮಸ್ಯೆ ಬಫಲೋ ನಗರದ ಬಫಲೋ ಫೋರ್ಜ್ ಕಂಪನಿಗೆ ಬಂತು. ಅಲ್ಲಿದ್ದ 25 ವರ್ಷದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಅದನ್ನು ಕೈಗೆತ್ತಿಕೊಂಡ. ಅವನ ನಕ್ಷೆಯ ಮೇಲಿರೋ ತಾರೀಕು 1902ರ ಜುಲೈ 17. ಗಮನಿಸಿ, ಕೆಲಸಗಾರರಿಗೆ ಸೆಕೆ ಆಗ್ತಿದೆ, ತಂಪು ಮಾಡು ಅಂತ ಯಾರೂ ಅವನನ್ನು ಕೇಳಿರಲಿಲ್ಲ. ಕೇಳಿದ್ದು ಕಾಗದ ಕಾಪಾಡೋಕೆ. ಗುರಿ ಇದ್ದಿದ್ದು ವರ್ಷವಿಡೀ ಶೇ. 55ರಷ್ಟು ತೇವಾಂಶ.

ಗಾಳಿಯಿಂದ ನೀರು ತೆಗೆಯೋದು ಹೇಗೆ? ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುತ್ತಲ್ಲ, ಹಾಗೇ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತೆ. 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ ಮಾತ್ರ. ತಣ್ಣಗಿನ ಕೊಳವೆಗಳ ಮೇಲೆ ಗಾಳಿ ಹಾಯಿಸಿದರೆ ಹೆಚ್ಚಿನ ನೀರು ಹನಿಯಾಗಿ ಇಳಿಯುತ್ತೆ. ನಿಮ್ಮ ಎಸಿಯ ಪೈಪಿನಿಂದ ಹೊರಗೆ ತೊಟ್ಟಿಕ್ಕೋದು ಇದೇ ನೀರು.

ಆಮೇಲೆ ಕ್ಯಾರಿಯರ್ ಇನ್ನೊಂದು ಹೆಜ್ಜೆ ಮುಂದೆ ಹೋದ. ತಣ್ಣೀರನ್ನು ಮಂಜಿನ ಹಾಗೆ ಚಿಮುಕಿಸಿ ಅದರೊಳಗೆ ಗಾಳಿ ಹಾಯಿಸಿದ. ಒಣಗಿಸೋಕೆ ನೀರು ಚಿಮುಕಿಸೋದಾ ಅಂತ ಅನ್ನಿಸುತ್ತೆ, ನನಗೂ ಮೊದಲು ವಿಚಿತ್ರ ಅನ್ನಿಸಿತ್ತು. ಆದರೆ ಚಿಮುಕಿಸೋ ನೀರು ಎಷ್ಟು ತಣ್ಣಗಿದೆ ಅನ್ನೋದರ ಮೇಲೆ ಗಾಳಿಯಲ್ಲಿ ಎಷ್ಟು ತೇವ ಉಳಿಯಬೇಕು ಅನ್ನೋದು ತೀರ್ಮಾನವಾಗುತ್ತೆ. ಆಮೇಲೆ ಆ ಗಾಳಿಯನ್ನು ಬೇಕಾದಷ್ಟು ಬೆಚ್ಚಗೆ ಮಾಡಿದರಾಯ್ತು. 1906ರ ಜನವರಿ 2ರಂದು ಇದಕ್ಕೆ ಪೇಟೆಂಟ್ ಸಿಕ್ಕಿತು.

ಇನ್ನು 'ಏರ್ ಕಂಡಿಷನಿಂಗ್' ಅನ್ನೋ ಹೆಸರು. ಅದು ಕ್ಯಾರಿಯರ್ ಇಟ್ಟಿದ್ದಲ್ಲ. ಅದೇ 1906ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಸ್ಟುವರ್ಟ್ ಕ್ರೇಮರ್ ಅನ್ನೋ ಎಂಜಿನಿಯರ್ ಆ ಪದ ಬಳಸಿದ. ಅವನ ಕೆಲಸ ಹತ್ತಿ ಗಿರಣಿಗಳಲ್ಲಿ. ಅಲ್ಲಿ ಸಮಸ್ಯೆ ತಿರುವುಮುರುವು: ಗಾಳಿ ಒಣಗಿದರೆ ನೂಲಿನ ಎಳೆ ಕಡಿದು ಹೋಗುತ್ತೆ, ಹಾಗಾಗಿ ತೇವ ಸೇರಿಸಬೇಕು.

ಈ ತೇವ ಸೇರಿಸೋ ಕೆಲಸಕ್ಕೆ ಇನ್ನೂ ಹಳೆಯ, ಕಹಿಯಾದ ಇತಿಹಾಸ ಇದೆ. ಇಂಗ್ಲೆಂಡಿನ ಲ್ಯಾಂಕಶೈರ್‌ನ ನೇಯ್ಗೆ ಶೆಡ್ಡುಗಳಲ್ಲಿ ಎಳೆ ಕಡಿಯದಿರಲಿ ಅಂತ ಮಾಲೀಕರು ಒಳಗೆ ಹಬೆ ಬಿಡಿಸ್ತಿದ್ದರು. ನೂಲಿಗೆ ಹಿತ, ಮಗ್ಗದ ಮುಂದೆ ನಿಂತವರಿಗೆ ನರಕ. ನೇಕಾರರು ವಿರೋಧಿಸಿದರು. ಕೊನೆಗೆ 1889ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಒಂದು ಕಾಯ್ದೆ ಮಾಡಿ, ಇಷ್ಟು ಶಾಖ ಇದ್ದಾಗ ಇಷ್ಟೇ ತೇವಾಂಶ ಅಂತ ಮಿತಿ ಹಾಕಿತು. ಅದನ್ನು ಅಳೆಯೋಕೆ ಎರಡು ಥರ್ಮಾಮೀಟರ್: ಒಂದು ಒಣ, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ. ಅಂದ್ರೆ ಕಾಗದಕ್ಕೆ ಎಂಥ ಗಾಳಿ ಬೇಕು ಅಂತ ಎಂಜಿನಿಯರುಗಳು ಲೆಕ್ಕ ಹಾಕೋ ಮೊದಲೇ, ಮನುಷ್ಯರು ಎಂಥ ಗಾಳಿ ತಡೆದುಕೊಳ್ಳಬಹುದು ಅಂತ ಕೆಲಸಗಾರರು ಜಗಳ ಆಡಿದ್ದರು.

ಆರಾಮಕ್ಕಾಗಿ ಎಸಿ ಅನ್ನೋದು ಜನಪ್ರಿಯ ಆಗಿದ್ದು ಆಮೇಲೆ, ಮುಖ್ಯವಾಗಿ ಸಿನಿಮಾ ಥಿಯೇಟರ್‌ಗಳಿಂದ. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಥಿಯೇಟರ್‌ಗೆ ಕ್ಯಾರಿಯರ್ ಕಂಪನಿ ಯಂತ್ರ ಕೂರಿಸಿತು. ಅಲ್ಲಿ ತಂಪು ಸಿಕ್ಕಿದ್ದು ಟಿಕೆಟ್ ಕೊಂಡವರಿಗೆ.

ಈಗ ನಮ್ಮ ಕಡೆ ಬರೋಣ. ನಮ್ಮ ಮೈ ತಣ್ಣಗಾಗೋದು ಬೆವರು ಆರಿದಾಗ. ಮಂಗಳೂರಿನ 32 ಡಿಗ್ರಿಯಲ್ಲಿ ಅಂಗಿ ಮೈಗಂಟುತ್ತೆ, ಯಾಕಂದ್ರೆ ಗಾಳಿಯಲ್ಲಿ ಬೆವರಿಗೆ ಜಾಗ ಇಲ್ಲ. ಕಲಬುರಗಿಯ ಒಣ ಬಿಸಿಲಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತೆ; ಅದೇ ಕೂಲರ್ ಮಂಗಳೂರಲ್ಲಿ ಇಟ್ಟರೆ ಧಗೆಗೆ ಇನ್ನಷ್ಟು ನೀರು ಸೇರಿಸಿದ ಹಾಗೆ. ಎಸಿಯಲ್ಲೂ ಹೀಗೇ. ಸಣ್ಣ ಕೋಣೆಗೆ ತುಂಬಾ ದೊಡ್ಡ ಎಸಿ ಹಾಕಿದರೆ ಬೇಗ ತಣ್ಣಗಾಗಿ ಕಂಪ್ರೆಸರ್ ನಿಂತುಬಿಡುತ್ತೆ, ತೇವ ತೆಗೆಯೋಕೆ ಸಮಯವೇ ಸಿಗಲ್ಲ. ಚಳಿ ಚಳಿ, ಜೊತೆಗೆ ಅಂಟಂಟು. ಭಾರತದಲ್ಲಿ 2020ರಿಂದ ಸ್ಟಾರ್ ರೇಟಿಂಗ್ ಇರೋ ಹೊಸ ರೂಮ್ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕು ಅನ್ನೋ ನಿಯಮ ಇದೆ. ಮಳೆಗಾಲದ ಜಿಗುಟಿಗೆ 18ಕ್ಕೆ ಇಳಿಸೋ ಮೊದಲು ಡ್ರೈ ಮೋಡ್ ಒತ್ತಿ ನೋಡಿ.

ಆದರೆ ರಿಮೋಟ್ ಇಲ್ಲದವರ ಕಥೆ? ಒದ್ದೆ ಬಟ್ಟೆಯ ಥರ್ಮಾಮೀಟರ್ 35 ಡಿಗ್ರಿ ತೋರಿಸಿದರೆ, ನೆರಳಲ್ಲಿ ಸುಮ್ಮನೆ ಕೂತ ಆರೋಗ್ಯವಂತರೂ ಹೆಚ್ಚು ಹೊತ್ತು ಬದುಕಲಾರರು ಅಂತ 2010ರಲ್ಲಿ ವಿಜ್ಞಾನಿಗಳು ಬರೆದರು. ದುಡಿಯೋ ಮೈಗೆ ಅದಕ್ಕಿಂತ ಕಡಿಮೆಯಲ್ಲೇ ಅಪಾಯ. ಆದರೂ ಫೋನಿನ ಹವಾಮಾನ ಆ್ಯಪ್ ತೆರೆದಾಗ ನಾವು ನೋಡೋದು ಡಿಗ್ರಿ ಮಾತ್ರ. ಕಟ್ಟಡ ಕಟ್ಟೋರು, ಬೈಕಲ್ಲಿ ಊಟ ತಂದುಕೊಡೋರು ಎಷ್ಟು ಹೊತ್ತು ಹೊರಗಿರಬಹುದು ಅನ್ನೋದನ್ನು ತೀರ್ಮಾನಿಸೋವಾಗ ಅದರ ಕೆಳಗಿರೋ ತೇವಾಂಶದ ಅಂಕಿಯನ್ನೂ ಲೆಕ್ಕಕ್ಕೆ ತಗೋಬೇಕು. 1889ರಲ್ಲಿ ನೇಕಾರರಿಗೋಸ್ಕರ ಅದನ್ನು ಕಾನೂನಿನಲ್ಲಿ ಬರೆಯೋಕೆ ಆಯ್ತು ಅಂದ್ರೆ, ಈಗಲೂ ಆಗುತ್ತೆ ಅನ್ನೋದು ನನ್ನ ಮಾತು.