ಇಟ್ಟು ಬಂದ ಕಲ್ಲುಗಳು

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದರೆ ಅಜ್ಜಿಯ ಊರು. ಶ್ರೀನಿವಾಸಪುರದಿಂದ ಆಚೆ, ಮಾವಿನ ತೋಪುಗಳ ನಡುವೆ ಇರುವ ಸಣ್ಣ ಹಳ್ಳಿ. ಬಸ್ಸಿಳಿದು ನೋಡಿದರೆ ಅರಳಿಕಟ್ಟೆಯೇ ಇಲ್ಲ! ರಸ್ತೆ ಅಗಲ ಮಾಡುವುದಕ್ಕೆ ಮರ ಕಡಿದಿದ್ದಾರೆ, ಕಟ್ಟೆ ಒಡೆದಿದ್ದಾರೆ. ಕಟ್ಟೆಯ ಮೇಲಿದ್ದ ನಾಗರಕಲ್ಲುಗಳನ್ನು ತಂದು ಜಲ್ಲಿರಾಶಿಗೆ ಒರಗಿಸಿ ಇಟ್ಟಿದ್ದರು. ಎಣಿಸಿದೆ, ಹದಿನೇಳು. ಅದರಲ್ಲಿ ಒಂದು ನಮ್ಮ ಮನೆಯದು. ಯಾವುದು ಅಂತ ಮಾತ್ರ ನನಗೆ ಗೊತ್ತಿಲ್ಲ.

ಅಮ್ಮ ಹುಟ್ಟುವ ಮೊದಲು ಅಜ್ಜಿಗೆ ಬಹಳ ವರ್ಷ ಮಕ್ಕಳಿರಲಿಲ್ಲವಂತೆ. ಯಾರೋ ಹೇಳಿದರು, ನಾಗಪ್ರತಿಷ್ಠೆ ಮಾಡಿಸಿ ಅಂತ. ತಾತ ಮಾಲೂರಿನ ಕಡೆಯಿಂದ ಒಂದು ಕಲ್ಲು ಕೆತ್ತಿಸಿ ಎತ್ತಿನ ಗಾಡಿಯಲ್ಲಿ ತಂದು ಇಡಿಸಿದರು. ಕಥೆ ಇಷ್ಟೇ. ನಾನು ಸಣ್ಣವನಿದ್ದಾಗ ಅಜ್ಜಿ ಚೊಂಬಿನಲ್ಲಿ ಹಾಲು ಹಿಡಿದು ಹೋಗುತ್ತಿದ್ದಳು, ನಾನು ಹಿಂದೆ. ಅವಳು ಎಲ್ಲಾ ಕಲ್ಲಿಗೂ ಒಂದೊಂದು ಹನಿ ಹಾಲು ಬಿಡೋಳು. "ನಮ್ಮದು ಯಾವುದಜ್ಜಿ?" ಅಂತ ಕೇಳಿದರೆ "ಅನ್ನೀ ಮನವೇ ರಾ" ಅನ್ನೋಳು. ನಮ್ಮ ಕಡೆ ಮನೆಮಾತು ತೆಲುಗು, ಓದು ಬರಹ ಕನ್ನಡ. ಎಲ್ಲಾ ನಮ್ಮವೇ ಕಣೋ, ಅಂತ ಅವಳ ಮಾತಿನ ಅರ್ಥ. ಆಗ ಇದು ತಪ್ಪಿಸಿಕೊಳ್ಳೋ ಉತ್ತರ ಅನ್ನಿಸಿತ್ತು.

ಈಚೆಗೆ ಹೊರದೇಶಗಳಲ್ಲಿ ಒಂದು ಹವ್ಯಾಸ ಬೆಳೆದಿದೆ, ನೀವೂ ನೋಡಿರಬಹುದು. ಕೈಯಾರೆ ಮಾಡಿದ ಪುಟ್ಟ ಚಿತ್ರವನ್ನೋ ಬಣ್ಣ ಹಚ್ಚಿದ ಬೆಣಚುಕಲ್ಲನ್ನೋ ಪಾರ್ಕಿನ ಬೆಂಚಿನ ಮೇಲೆ, ಬಸ್ ಸ್ಟಾಪಿನಲ್ಲಿ ಇಟ್ಟು ಸುಮ್ಮನೆ ಹೋಗಿಬಿಡೋದು. ಯಾರಿಗೆ ಸಿಗುತ್ತೋ ಅವರದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಕಡಲತೀರದಲ್ಲಿ ಮೇಗನ್ ಮರ್ಫಿ ಅನ್ನೋವರು 2015ರಲ್ಲಿ ಕಲ್ಲುಗಳ ಮೇಲೆ ನಾಲ್ಕು ಒಳ್ಳೆ ಮಾತು ಬರೆದು ಬಿಟ್ಟು ಬರೋದನ್ನು ಶುರು ಮಾಡಿದರು, ಅದು ಎಷ್ಟೋ ದೇಶಗಳಿಗೆ ಹಬ್ಬಿತು. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಅಜ್ಜಿಯ ಹಾಲಿನ ಚೊಂಬು. ನಮ್ಮ ಜಿಲ್ಲೆಯಲ್ಲಿ ಕಲ್ಲು ಕೆತ್ತಿಸಿ, ದಾರಿಯಲ್ಲಿಟ್ಟು, ಬಿಟ್ಟು ಬರೋದು ಎಷ್ಟೋ ಹಳೆಯ ಅಭ್ಯಾಸ ಅಲ್ಲವೇ? ಹಾಗಂತ ಎರಡೂ ಒಂದೇ ಅಂತ ನಾನು ಹೇಳಲ್ಲ. ನಮ್ಮಜ್ಜಿ ಕಲ್ಲಿಟ್ಟಿದ್ದು ಗುರುತಿಲ್ಲದವರನ್ನು ಖುಷಿಪಡಿಸೋಕಲ್ಲ, ಮಗು ಬೇಕು ಅಂತ. ಆದರೆ ಇಟ್ಟ ಮೇಲೆ ಏನಾಯಿತು ಅನ್ನೋದು ಮಾತ್ರ ಒಂದೇ ಥರ.

ಮೊದಲು ಕಲ್ಲು ಎಲ್ಲಿಂದ ಬರುತ್ತೆ ನೋಡೋಣ. ಮಾಲೂರು ಅಂದರೆ ಎಲ್ಲರಿಗೂ ಹೆಂಚು, ಇಟ್ಟಿಗೆ ನೆನಪಾಗುತ್ತೆ. ಅದೇ ತಾಲೂಕಿನಲ್ಲಿ ಶಿವಾರಪಟ್ಟಣ ಅನ್ನೋ ಊರಿದೆ. ಅಲ್ಲಿನ ವಿಶ್ವಕರ್ಮ ಮನೆತನಗಳು ತಲೆಮಾರುಗಳಿಂದ ಶಿಲ್ಪ ಮಾಡಿಕೊಂಡು ಬಂದಿವೆ. ಕಲ್ಲಿನದೂ ಉಂಟು, ಮೇಣದ ಅಚ್ಚಿನಲ್ಲಿ ಎರಕ ಹೊಯ್ಯುವ ಲೋಹದ ವಿಗ್ರಹಗಳೂ ಉಂಟು. ಬೀದಿಯಲ್ಲಿ ಕಾಲಿಟ್ಟರೆ ಸಾಕು, ಉಳಿಯ ಟಕ್ ಟಕ್ ಕೇಳಿಸುತ್ತೆ. ದೊಡ್ಡ ದೊಡ್ಡ ದೇವಸ್ಥಾನಗಳಿಗೆ ಹೋಗುವ ಮೂರ್ತಿಗಳ ಪಕ್ಕದಲ್ಲೇ ಮೊಣಕಾಲೆತ್ತರದ ನಾಗರಕಲ್ಲುಗಳೂ ಇರುತ್ತವೆ. ದೊಡ್ಡ ಮೂರ್ತಿ ಯಾವ ದೇವಸ್ಥಾನಕ್ಕೆ ಅಂತ ಕೆತ್ತುವವನಿಗೆ ಗೊತ್ತು. ನಾಗರಕಲ್ಲು ಯಾವ ಹಳ್ಳಿಯ ಯಾವ ಮರದ ಬುಡಕ್ಕೆ ಹೋಗುತ್ತೋ ಅವನಿಗೆ ಬೇಕಿಲ್ಲ.

ಕಟ್ಟೆಗಳಲ್ಲಿ ಗಮನಿಸಿದರೆ ಮುಖ್ಯವಾಗಿ ಮೂರು ಬಗೆ ಕಾಣುತ್ತವೆ. ಒಂದು, ಹೆಡೆ ಎತ್ತಿ ಸುರುಳಿ ಸುತ್ತಿದ ನಾಗ: ಒಂದು, ಮೂರು, ಐದು, ಏಳು ಹೆಡೆ. ಎರಡು, ಹೆಣೆದುಕೊಂಡ ಜೋಡಿ ಹಾವು, ನಡುವಿನ ಜಾಗದಲ್ಲಿ ಲಿಂಗ. ಮೂರು, ಸೊಂಟದ ಮೇಲೆ ಹೆಣ್ಣು, ಕೆಳಗೆ ಹಾವು. ಕೆಲವು ಕಲ್ಲುಗಳಲ್ಲಿ ಈ ನಾಗಿಣಿ ಎರಡೂ ಕಂಕುಳಲ್ಲಿ ಒಂದೊಂದು ಮರಿ ಹಿಡಿದಿರುತ್ತಾಳೆ. ಮಗು ಕೇಳಿ ಇಟ್ಟ ಕಲ್ಲು ಅಂತ ಬೇರೆ ಹೇಳಬೇಕೇ?

ಕೆತ್ತಿದ ಕಲ್ಲನ್ನು ತಂದು ಹಾಗೇ ಇಡೋದಿಲ್ಲ. ನೀರಿನಲ್ಲಿ ಮುಳುಗಿಸಿಡುತ್ತಾರೆ, ಧಾನ್ಯದಲ್ಲಿ ಹೂತಿಡುತ್ತಾರೆ, ಆಮೇಲೆ ಪ್ರತಿಷ್ಠೆ. ಜಾಗ ಸಾಮಾನ್ಯವಾಗಿ ಅರಳಿ ಮತ್ತು ಬೇವು ಜೊತೆಗೆ ಬೆಳೆದ ಕಟ್ಟೆ, ಎರಡು ಮರಕ್ಕೂ ಮದುವೆ ಮಾಡಿರುತ್ತಾರೆ. ಅದು ಯಾರ ಮನೆಯ ಹಿತ್ತಲೂ ಅಲ್ಲ. ಊರಿಗೆಲ್ಲ ಸೇರಿದ ಜಾಗ, ಪಂಚಾಯ್ತಿ ಸೇರುವ ಜಾಗ, ಬಸ್ಸಿಗೆ ಕಾಯುವ ಜಾಗ. ಅಲ್ಲಿಗೆ ಇಟ್ಟವರ ಕೆಲಸ ಮುಗೀತು. ಕಲ್ಲಿನ ಮೇಲೆ ಹೆಸರಿಲ್ಲ, ತಾರೀಖಿಲ್ಲ. ಶ್ರಾವಣದಲ್ಲಿ ನಾಗರಪಂಚಮಿಗೆ ಕನ್ನಡದ ಮನೆಗಳವರು ಬಂದು ತನಿ ಎರೆಯುತ್ತಾರೆ. ದೀಪಾವಳಿ ಕಳೆದು ಕಾರ್ತೀಕದ ಚೌತಿಗೆ ತೆಲುಗು ಮನೆಗಳವರು 'ನಾಗುಲ ಚವಿತಿ' ಅಂತ ಬಂದು ಮತ್ತೆ ಹಾಲು ಹಾಕುತ್ತಾರೆ. ಕೋಲಾರದ ಕಡೆ ಎರಡೂ ಭಾಷೆಯವರು ಇರೋದರಿಂದ ಕಲ್ಲಿಗೆ ವರ್ಷಕ್ಕೆ ಎರಡು ಹಬ್ಬ! ಕೆತ್ತಿದವನಿಗೆ ಇಟ್ಟವರು ಗೊತ್ತಿಲ್ಲ, ಇಟ್ಟವರಿಗೆ ಹಾಲೆರೆಯುವವರು ಗೊತ್ತಿಲ್ಲ. ಆದರೂ ಕಲ್ಲು ಒಂಟಿಯಾಗಿಲ್ಲ.

ಹೆಸರು ಬರೆಯೋದು ನಮ್ಮವರಿಗೆ ಗೊತ್ತೇ ಇರಲಿಲ್ಲ ಅಂತಲ್ಲ. ಹೊಯ್ಸಳರ ಶಿಲ್ಪಿಗಳು ಮೂರ್ತಿಯ ಕೆಳಗೆ ಹೆಸರು ಹಾಕಿಕೊಂಡಿದ್ದಾರೆ. ಬೇಲೂರಿನಲ್ಲಿ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ನಮ್ಮ ಕಡೆ ಹಾಗಲ್ಲ. ಮುಳಬಾಗಿಲಿನ ಹತ್ತಿರ ಕುರುಡುಮಲೆ ಇದೆಯಲ್ಲ, ಆ ದೊಡ್ಡ ಗಣೇಶನ ಊರು, ಅಲ್ಲಿ ಸೋಮೇಶ್ವರ ದೇವಸ್ಥಾನವೂ ಇದೆ. ಅರ್ಧ ಕೆತ್ತಿದ್ದು ಜಕಣಾಚಾರಿ, ಉಳಿದರ್ಧ ಅವನ ಮಗ ಡಂಕಣಾಚಾರಿ ಅಂತ ಊರವರು ತೋರಿಸುತ್ತಾರೆ. ಇದು ಐತಿಹ್ಯ, ಶಾಸನವಲ್ಲ. ಹೆಸರಿಲ್ಲದ ಕೆಲಸಕ್ಕೆ ಜನ ತಾವೇ ಒಂದು ಹೆಸರು ಕೊಟ್ಟುಕೊಂಡಿದ್ದಾರೆ, ಅಷ್ಟೇ.

ವೀರಗಲ್ಲುಗಳ ವಿಷಯ ಬೇರೆ. ಗಂಗರು, ಬಾಣರು, ನೊಳಂಬರು ಕಾದಾಡಿದ ನೆಲ ಇದು. ತುರು ಬಿಡಿಸಲು ಹೋಗಿ ಸತ್ತವನಿಗೆ, ಊರಿಗಾಗಿ ಹೋರಾಡಿ ಬಿದ್ದವನಿಗೆ ಕಲ್ಲು ನಿಲ್ಲಿಸಿದರು. ಕೈಯಲ್ಲಿ ಬಿಲ್ಲೋ ಕತ್ತಿಯೋ, ಮೈಗೆ ನಾಟಿದ ಬಾಣ, ಮೇಲೆ ಕರೆದೊಯ್ಯಲು ಬಂದ ಅಪ್ಸರೆಯರು. ಅವನ ಮನೆಯವರಿಗೆ ಹೊಲ ಬಿಟ್ಟುಕೊಟ್ಟರೆ ಅದು ನೆತ್ತರುಗೊಡಗೆ. ಇವುಗಳಲ್ಲಿ ಅಕ್ಷರ ಇರುವ ಕಲ್ಲುಗಳಿಗೆ ಒಂದು ಅದೃಷ್ಟ ಒದಗಿ ಬಂತು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಹಳ್ಳಿ ಹಳ್ಳಿಯಿಂದ ಸಂಗ್ರಹ ಮಾಡಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಅಂತ ಪ್ರಕಟಿಸಿದರು. ಅದರ 10ನೇ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಬಂತು. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಅಂತ ತಾಲೂಕುವಾರು ಎಲ್ಲಕ್ಕೂ ಸಂಖ್ಯೆ ಕೊಟ್ಟಿದ್ದಾರೆ. (2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲೂಕುಗಳೂ ಅದರಲ್ಲೇ ಇವೆ.) ಯಾವ ಹೊಲದಲ್ಲಿ, ಯಾವ ಕೆರೆಯ ಹತ್ತಿರ ಕಲ್ಲಿತ್ತು ಅಂತಲೂ ಬರೆದಿದ್ದಾರೆ. ಇವತ್ತು ಆ ಕಲ್ಲು ಕಳೆದುಹೋದರೂ ಇತ್ತು ಅನ್ನೋದಕ್ಕೆ ಸಾಕ್ಷಿ ಇದೆ.

ನಾಗರಕಲ್ಲಿಗೆ ಆ ಭಾಗ್ಯ ಇಲ್ಲ. ಅಕ್ಷರ ಇಲ್ಲದ ಕಲ್ಲು ಶಾಸನ ಸಂಪುಟಕ್ಕೆ ಹೇಗೆ ಸೇರೀತು? ರೈಸ್ ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ, ಅವರು ಹುಡುಕಿದ್ದೇ ಬರಹವನ್ನು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು. ಆದರೆ ಹೆಸರು, ತೇದಿ ಎರಡೂ ಇಲ್ಲದ ಕಲ್ಲಿಗೆ ನೂರು ತುಂಬಿದೆ ಅಂತ ಯಾರು ಹೇಳಬೇಕು? ಜೆಸಿಬಿ ಡ್ರೈವರನೇ? ಹದಿನೇಳರಲ್ಲಿ ಎರಡು ಕಲ್ಲುಗಳ ಹೆಡೆ ಹಾಲು, ಎಣ್ಣೆ, ಅರಿಶಿನದಲ್ಲಿ ಸವೆದು ಸವೆದು ಬರೀ ಗೀರಾಗಿ ಉಳಿದಿತ್ತು. ಒಂದರ ಅಂಚು ಆಗಲೇ ಮುಕ್ಕಾಗಿತ್ತು. ನೋಡಿ ಹೊಟ್ಟೆ ಉರಿಯಿತು.

ಆವತ್ತು ಆ ಜಲ್ಲಿರಾಶಿ ಹತ್ತಿರ ನಿಂತು ನಮ್ಮ ಕಲ್ಲು ಹುಡುಕಿದೆ. ಅಮ್ಮನಿಗೆ ಫೋನ್ ಮಾಡಿದೆ. "ಜೋಡಿ ಹಾವು ಅಂತ ನೆನಪು, ಅಲ್ಲ, ಐದು ಹೆಡೆಯದಿರಬೇಕು" ಅಂದಳು. ಜೋಡಿ ಹಾವಿನವೇ ಆರಿದ್ದವು. ನಮ್ಮದನ್ನಾದರೂ ಎತ್ತಿಕೊಂಡು ಹೋಗಿ ತೋಟದಲ್ಲಿ ಇಟ್ಟುಕೊಳ್ಳೋಣ ಅಂತ ಯೋಚನೆ ಬಂದಿದ್ದು ನಿಜ. ಅಷ್ಟರಲ್ಲಿ ಗಮನಿಸಿದೆ, ಹದಿನೇಳಕ್ಕೂ ಆವತ್ತಿನ ಹೊಸ ಅರಿಶಿನ ಕುಂಕುಮ ಇತ್ತು. ಪಕ್ಕದ ಚಿಲ್ಲರೆ ಅಂಗಡಿಯಲ್ಲಿ ಕೇಳಿದರೆ, ಬೇರೆ ಬೀದಿಯ ಒಬ್ಬ ಮುದುಕಿ ದಿನಾ ಬೆಳಿಗ್ಗೆ ಬಂದು ಹಚ್ಚಿ ಹೋಗುತ್ತಾಳಂತೆ. ಅವಳು ಈ ಊರಿಗೆ ಸೊಸೆಯಾಗಿ ಬಂದವಳು, ಅವಳ ಮನೆಯವರು ಇಟ್ಟ ಕಲ್ಲು ಅಲ್ಲಿ ಒಂದೂ ಇಲ್ಲ. ಅಜ್ಜಿಯ ಉತ್ತರ ನನಗೆ ಅರ್ಥವಾಗಿದ್ದು ಆಗ, ಅವಳು ಹೋಗಿ ಇಷ್ಟು ವರ್ಷಗಳಾದ ಮೇಲೆ.

ಸಂಜೆ ನಾಲ್ಕು ಜನ ಹುಡುಗರನ್ನು ಕರೆದುಕೊಂಡು, ಒಂದು ಟ್ರ್ಯಾಕ್ಟರು ಕೇಳಿ ತಂದು, ಊರ ಹಿರಿಯರನ್ನು ಒಪ್ಪಿಸಿ, ಹದಿನೇಳನ್ನೂ ಕೆರೆ ಏರಿಯ ಕೆಳಗಿನ ಬೇವಿನ ಮರದ ಹತ್ತಿರ ಇಳಿಸಿದೆವು. ಸದ್ಯಕ್ಕೆ ಮರಕ್ಕೆ ಒರಗಿಸಿದ್ದೇವೆ, ಶಾಸ್ತ್ರ ಪ್ರಕಾರ ಮತ್ತೆ ಪ್ರತಿಷ್ಠೆ ಆಗಬೇಕಂತೆ. ಒಂದೊಂದರದೂ ಫೋಟೋ ತೆಗೆದುಕೊಂಡೆ, ಟೇಪು ಹಿಡಿದು ಎತ್ತರ ಬರೆದುಕೊಂಡೆ. ಒಂದರಿಂದ ಹದಿನೇಳರವರೆಗೆ ಸಂಖ್ಯೆ ಕೊಟ್ಟಿದ್ದೇನೆ, ಕಲ್ಲಿನ ಮೇಲಲ್ಲ, ನನ್ನ ನೋಟ್‌ಬುಕ್ಕಿನಲ್ಲಿ. ರೈಸ್ ಸಾಹೇಬರಷ್ಟು ದೊಡ್ಡ ಕೆಲಸವಲ್ಲ ಬಿಡಿ.

ಮುಂದಿನ ಸಲ ನೀವು ನಿಮ್ಮೂರಿಗೆ ಹೋದಾಗ ಕಟ್ಟೆಯ ಹತ್ತಿರ ಹತ್ತು ನಿಮಿಷ ನಿಲ್ಲಿ. ಎಷ್ಟು ಕಲ್ಲಿವೆ ಎಣಿಸಿ, ಒಂದೊಂದರ ಫೋಟೋ ತೆಗೆಯಿರಿ, ಊರಿನ ವಯಸ್ಸಾದವರನ್ನು ಯಾವುದು ಯಾರಿಟ್ಟಿದ್ದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ನಾನು ಅಜ್ಜಿ ಇದ್ದಾಗ ಬರೆದುಕೊಳ್ಳಲಿಲ್ಲ.