ಕೋಚ್ ಕೊಟ್ಟ ಗುಳಿಗೆ, ಹುಡುಗಿಯರ ಎರಡು ವರ್ಷ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಿಗೆ ಗರಡಿಮನೆ ಹೊಸದಲ್ಲ. ಮಟ್ಟಿಯ ಮಣ್ಣು, ದಂಡೆ, ಬಸ್ಕಿ, ಬಾದಾಮಿ, ಹಾಲು, ತುಪ್ಪ... ಪೈಲ್ವಾನ ಏನು ತಿಂದು ಮೈ ಬೆಳೆಸಿದ ಅಂತ ಊರಿಗೆಲ್ಲಾ ಗೊತ್ತಿರುತ್ತಿತ್ತು. ಈಗ ಜಿಮ್ ಬಂದಿವೆ. ಪೊಲೀಸ್ ಭರ್ತಿಗೆಂದು ಬೆಳಿಗ್ಗೆ ಎದ್ದು ಓಡುವ ಹುಡುಗರ ಬ್ಯಾಗಿನಲ್ಲೂ ಪೌಡರ್ ಡಬ್ಬಿ. ಅದರೊಳಗೆ ಏನಿದೆ ಅಂತ ಕೇಳಿ ನೋಡಿ, "ಸರ್ ಹೇಳಿದ್ರು, ತಗೊಂಡೆ" ಅಂತಾರೆ. ಈ "ಸರ್ ಹೇಳಿದ್ರು" ಅನ್ನೋ ಮಾತೇ ನನಗೆ ಅಶ್ವಿನಿ ಅಕ್ಕುಂಜೆಯ ಕಥೆ ನೆನಪಿಸೋದು.

ಉಡುಪಿ ಜಿಲ್ಲೆಯ ಸಿದ್ದಾಪುರ ಕಡೆಯ ಕೃಷಿಕರ ಮನೆಯ ಹುಡುಗಿ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ರಿಲೇಯಲ್ಲಿ ಚಿನ್ನ. ಮುಂದಿನ ತಿಂಗಳೇ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ. ಕರ್ನಾಟಕವೆಲ್ಲ ಕುಣಿದಿತ್ತು. ವರ್ಷ ತುಂಬುವ ಮೊದಲೇ, 2011ರ ಜುಲೈನಲ್ಲಿ, ಆಕೆಯ ಹೆಸರು ಡೋಪಿಂಗ್ ಪಟ್ಟಿಯಲ್ಲಿ! ಜೊತೆಗೆ ಮನ್‌ದೀಪ್ ಕೌರ್, ಸಿನಿ ಜೋಸ್, ಜೌನಾ ಮುರ್ಮು, ಟಿಯಾನಾ ಮೇರಿ ಥಾಮಸ್, ಪ್ರಿಯಾಂಕಾ ಪನ್ವಾರ್.

ಈ ಪ್ರಕರಣದಲ್ಲಿ ಸಿಕ್ಕ ಮುಖ್ಯ ಮದ್ದು ಮೆಥಾಂಡಿಯೆನೋನ್. ಇದೇನು ಹೊಸ ಸರಕಲ್ಲ. 1958ರಲ್ಲಿ ಸೀಬಾ ಕಂಪನಿ ಡಯಾನಬಾಲ್ ಅನ್ನೋ ಹೆಸರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಿಟ್ಟ ಗುಳಿಗೆ ಇದೇ. ಜಾನ್ ಝೀಗ್ಲರ್ ಎಂಬ ವೈದ್ಯ ಅಲ್ಲಿನ ಭಾರ ಎತ್ತುವವರಿಗೆ ಕೊಟ್ಟು ಶುರುಮಾಡಿದ. ಆಮೇಲೆ ಆಟದ ಲೋಕಕ್ಕೆಲ್ಲಾ ಹಬ್ಬಿತು. ಒಲಿಂಪಿಕ್ಸ್‌ನಲ್ಲಿ ಸ್ಟೀರಾಯ್ಡ್ ಪರೀಕ್ಷೆ ಶುರುವಾಗಿದ್ದು 1976ರ ಮಾಂಟ್ರಿಯಲ್‌ನಲ್ಲಿ.

"ಎಲ್ಲರೂ ತಗೊಳ್ಳಲಿ ಬಿಡಿ, ಆಗ ಎಲ್ಲರೂ ಸಮ" ಅನ್ನುವ ಬುದ್ಧಿವಂತರಿದ್ದಾರೆ. ಅವರು ಪೂರ್ವ ಜರ್ಮನಿಯ ಕಥೆ ಓದಬೇಕು. ಅಲ್ಲಿ ಸರ್ಕಾರವೇ 1974ರಿಂದ ಗುಟ್ಟಾಗಿ ಯೋಜನೆ ಮಾಡಿ, ಹದಿಹರೆಯದ ಹುಡುಗಿಯರಿಗೆ ವಿಟಮಿನ್ ಅಂತ ಹೇಳಿ ನೀಲಿ ಗುಳಿಗೆ ನುಂಗಿಸಿತು. ದೇಶಕ್ಕೆ ಪದಕ ಬಂತು, ಹುಡುಗಿಯರಿಗೆ ಗಂಡುದನಿ ಬಂತು, ಕಾಯಿಲೆ ಬಂತು. ಎಲ್ಲರಿಗೂ ಬಿಟ್ಟುಕೊಟ್ಟರೆ ತೀರ್ಮಾನ ಮಾಡುವವರು ಆಟಗಾರರಲ್ಲ, ಮೇಲೆ ಕೂತವರು.

ನಮ್ಮ ಹುಡುಗಿಯರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದು ಕೊಟ್ಟ ಜಿನ್‌ಸೆಂಗ್ ತಿಂದೆವು, ಅದರಲ್ಲಿ ಕಲಬೆರಕೆ ಇತ್ತು ಅಂತ. ಕ್ರೀಡಾ ಸಚಿವ ಅಜಯ್ ಮಾಕನ್ ಕೋಚ್‌ನನ್ನು ಕೆಲಸದಿಂದ ತೆಗೆದರು. ಭಾರತದ ಶಿಸ್ತು ಸಮಿತಿ ಹುಡುಗಿಯರ ಮಾತಿಗೆ ಬೆಲೆ ಕೊಟ್ಟು ಒಂದೇ ವರ್ಷ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಒಪ್ಪಲಿಲ್ಲ, ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯಕ್ಕೆ ಹೋಯಿತು. 2012ರಲ್ಲಿ ಅದು ಎರಡು ವರ್ಷವಾಯಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಕಾನೂನು ಹೇಳೋದು ಇಷ್ಟೆ: ನಿನ್ನ ಮೈಯಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ. ಯಾರು ಕೊಟ್ಟರು ಅನ್ನೋದು ಆಮೇಲಿನ ಮಾತು. ಈ ನಿಯಮ ಬೇಕು ಅಂತಲೇ ನನ್ನ ಅಭಿಪ್ರಾಯ, ಇಲ್ಲದಿದ್ದರೆ ಸಿಕ್ಕಿಬಿದ್ದ ಪ್ರತಿಯೊಬ್ಬರೂ ಕೋಚ್ ಕಡೆ ಕೈ ತೋರಿಸುತ್ತಾರೆ. ಎದುರಿಗೆ ಏನೂ ತಿನ್ನದೆ ಓಡಿ ನಾಲ್ಕನೆಯವಳಾದ ಹುಡುಗಿಗೂ ನ್ಯಾಯ ಬೇಕಲ್ಲವೇ? ಆದರೆ ಪಟಿಯಾಲದ ಶಿಬಿರದಲ್ಲಿ ವರ್ಷಗಟ್ಟಲೆ ಇರುವ ಹುಡುಗಿ, ಸರ್ಕಾರವೇ ನೇಮಿಸಿದ ಕೋಚ್‌ಗೆ "ಇದನ್ನು ಲ್ಯಾಬಿಗೆ ಕಳಿಸಿ ಆಮೇಲೆ ತಿನ್ತೀನಿ" ಅನ್ನಲು ಸಾಧ್ಯವಿತ್ತೇ? ನೀವೇ ಹೇಳಿ.

ಒಗೊರೊಡ್ನಿಕ್ ಮುಂದೆ ಮತ್ತೆ ಭಾರತ ತಂಡದ ಕೋಚ್ ಆಗಿ ವಾಪಸ್ಸು ಬಂದರು. ಒಬ್ಬ ಕೋಚ್‌ನ ಕೈಕೆಳಗೆ ಒಬ್ಬರಿಗಿಂತ ಹೆಚ್ಚು ಆಟಗಾರರು ಸಿಕ್ಕಿಬಿದ್ದರೆ ಆ ಕೋಚ್ ಮೇಲೂ ತನಿಖೆ ಆಗಲೇಬೇಕು ಅನ್ನುವ ನಿಯಮ ವಾಡಾ ಸಂಹಿತೆಗೆ ಸೇರಿ ಜಾರಿಗೆ ಬಂದದ್ದು 2015ರಲ್ಲಿ. ಅಷ್ಟರಲ್ಲಿ ಆ ಆರೂ ಜನ ತಮ್ಮ ಶಿಕ್ಷೆ ಮುಗಿಸಿಯಾಗಿತ್ತು.